ಹೆಡ್‌ಮಾಸ್ಟ್ರು, ಜಿಂಕೆ, ಮತ್ತೆ ನಮ್ಮಮ್ಮ

ಶನಿವಾರ ಮಧ್ಯಾಹ್ನ. ಊಟ ಆಗಿದೆ, ಹೊರಗೆ ಹೋಗೋ ಮನಸ್ಸಿಲ್ಲ. ಹಾಗಾಗಿ ಈ ಸಲದ ವ್ಲಾಗ್ ಪೂರ್ತಿ ನಮ್ಮನೆ ಸೋಫಾ ಮೇಲೇ. ಬೈಕೋಬೇಡಿ.

ಮತ್ತೆ 'ನಿಚಿಜೋ' ಅನ್ನೋ ಜಪಾನಿ ಕಾರ್ಟೂನ್ ಸೀರೀಸ್ ಹಾಕ್ಕೊಂಡು ಕೂತಿದೀನಿ. ಅರಾವಿ ಕೇಯಿಚಿ ಬರೆದ ಮಾಂಗಾ (ಜಪಾನಿ ಕಾಮಿಕ್ಸ್) ಇದು, 2011ರಲ್ಲಿ ಕ್ಯೋಟೊ ಆ್ಯನಿಮೇಷನ್‌ನವರು 26 ಎಪಿಸೋಡ್ ಮಾಡಿದ್ರು. ನಿಚಿಜೋ ಅಂದ್ರೆ ದಿನನಿತ್ಯದ ಬದುಕು ಅಂತ. ಹೆಸರು ನಂಬಬೇಡಿ. ಇದರಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟ್ರು ಒಂದು ಜಿಂಕೆ ಜೊತೆ ಕುಸ್ತಿಗೆ ಬೀಳ್ತಾರೆ. ಸುಮ್ಮನೆ ಓಡಿಸೋದಲ್ಲ ರೀ, ಸೊಂಟ ತಬ್ಬಿ ಎತ್ತಿ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಹಿಂದಕ್ಕೆ ಕುಕ್ಕೋದು! ಅದೇ ಸ್ಕೂಲಿನ ಹುಡುಗಿ ಯುಕ್ಕೊ ಕಿಟಕಿಯಿಂದ ಬಾಯಿ ಬಿಟ್ಕೊಂಡು ನೋಡ್ತಾಳೆ. ಸ್ಕೂಲಿಗೆ ಜಿಂಕೆ ಯಾಕೆ ಬಂತು? ವಿವರಿಸೋಕೆ ಹೋಗಿದ್ರೆ ಜೋಕು ಅಲ್ಲೇ ಸತ್ತಿರ್ತಿತ್ತು.

ಆದ್ರೂ ನನಗೆ ಇದಕ್ಕಿಂತ ಇಷ್ಟ ಆ ಸಾಸೇಜ್ ಸೀನು. ಆಕ್ಟೋಪಸ್ ಥರ ಕಾಲು ಬರೋ ಹಾಗೆ ಸೀಳಿರೋ ಪುಟಾಣಿ ಸಾಸೇಜು, ಊಟದ ಹೊತ್ತಲ್ಲಿ ಯುಕ್ಕೊ ಕೈ ಜಾರುತ್ತೆ. ಕಥೆ ಇಷ್ಟೇ. ಆದ್ರೆ ಅದನ್ನ ಹಿಡಿಯೋಕೆ ಅವಳು ಪಡೋ ಪಾಡು ಇದೆಯಲ್ಲ, ಯಾರೋ ಬೆಟ್ಟದಿಂದ ಬೀಳ್ತಿದಾರೆ ಅನ್ನೋ ಹಾಗಿದೆ. ಇಲ್ಲಿ ನಿಲ್ಲಿಸಿ ಅವಳ ಮುಖ ನೋಡಿ. ಬಿಡಿಸಿದವರು ಒಂದು ಗೆರೆಯಲ್ಲೂ ಕಂಜೂಸಿ ಮಾಡಿಲ್ಲ, 'ಇದು ತಮಾಷೆ ಕಣ್ರಪ್ಪಾ' ಅಂತ ಕಣ್ಣೂ ಹೊಡೆದಿಲ್ಲ. ನಾನು ಬಿದ್ದು ಬಿದ್ದು ನಗೋದು ಅದಕ್ಕೇ. 2002ರ 'ಅಜುಮಾಂಗಾ ದಾಯೋ' ಅನ್ನೋ ಸ್ಕೂಲ್ ಹುಡುಗೀರ ಕಾರ್ಟೂನ್ ನೋಡಿದೀರಾ? ಅದು ಇದಕ್ಕೆ ಅಕ್ಕ ಇದ್ದ ಹಾಗೆ. ಅಲ್ಲಿ ಜೋಕು ತೂಕಡಿಸ್ತಾ ಕೂತಿರುತ್ತೆ, ಇಲ್ಲಿ ಮೈಮೇಲೆ ದೆವ್ವ ಬಂದ ಹಾಗೆ ಕುಣಿಯುತ್ತೆ.

ಇನ್ನು ನಾನೊ. ನಾನು ಅಲ್ಲ, ನಾನೊ. ಎಂಟು ವರ್ಷದ ಪ್ರೊಫೆಸರ್ ಪುಟ್ಟಿ ಮಾಡಿರೋ ರೋಬೋ ಹುಡುಗಿ. ಕೀ ಕೊಡೋ ಗೊಂಬೆಗೆ ಇರುತ್ತಲ್ಲ, ಅಂಥದ್ದೇ ದೊಡ್ಡ ಕೀ ಇವಳ ಬೆನ್ನಲ್ಲಿ. ಕೈ ತೆರೆದುಕೊಂಡು ಒಳಗಿಂದ ರೋಲ್ ಕೇಕ್ ಬೇರೆ ಬರುತ್ತೆ. ಇಷ್ಟಾದ್ರೂ ಅವಳ ಚಿಂತೆ ಒಂದೇ: ನಾನು ರೋಬೋ ಅಂತ ಯಾರಿಗೂ ಗೊತ್ತಾಗಬಾರದು!

ಈಗ ಕ್ಯಾಮೆರಾ ಸ್ವಲ್ಪ ಎಡಕ್ಕೆ. ಅವರೆಕಾಯಿ ಬಿಡಿಸ್ತಾ ಕೂತಿರೋದು ನಮ್ಮಮ್ಮ. ಜಿಂಕೆ ಕುಸ್ತಿ ಪೂರ್ತಿ ನೋಡಿದ್ರು. ನಗಲಿಲ್ಲ. "ಈ ವಯಸ್ಸಲ್ಲಿ ಹೆಡ್‌ಮಾಸ್ಟ್ರಿಗೆ ಸೊಂಟ ಹಿಡ್ಕೊಳಲ್ವೇನೋ?" ಅಂದ್ರು. ನಾನು ಸೋಫಾದಿಂದ ಕೆಳಗೆ.

ನಾನೊ ಬಂದಾಗ ಕೈಯಲ್ಲಿದ್ದ ಅವರೆಕಾಯಿ ಹಾಗೇ ಹಿಡ್ಕೊಂಡು, ಆ ಕೀಯನ್ನೇ ನೋಡ್ತಾ ಇದ್ರು.

"ಪಾಪ, ಮಗ್ಗುಲಾಗೇ ಮಲಗ್ತಾಳೇನೋ."