ಜಾನೆಟ್, ಕೊಲೆಟ್, ಬರ್ನಡೆಟ್, ಕ್ಲೋಡೆಟ್

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಸಭೆಯಲ್ಲಿ ಈ ಹೆಸರುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಬರ್ನಡೆಟ್, ಜಾನೆಟ್, ಆ್ಯನೆಟ್, ಲಿನೆಟ್, ಜೂಲಿಯೆಟ್. ಪಕ್ಕದ ಮನೆಯಲ್ಲೋ, ಶಾಲೆಯ ಸ್ಟಾಫ್ ರೂಮಿನಲ್ಲೋ, ಆಸ್ಪತ್ರೆಯ ವಾರ್ಡಿನಲ್ಲೋ ಇವರಲ್ಲಿ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಈಗ ಮುಂದಿನ ಸಾಲಿನಲ್ಲೇ ಇಬ್ಬರು ಕೈ ಎತ್ತಿದರು. ತುಂಬಾ ಸಂತೋಷ. ಇವತ್ತಿನ ಮಾತು ನಿಮ್ಮದೇ.

ನಾನು ಫ್ರೆಂಚ್ ಕಲಿಸುವವಳು. ಮಗುವಿಗೆ ಹೆಸರು ಹುಡುಕುತ್ತಿರುವ ತಂದೆ ತಾಯಿ ಫೋನಿನಲ್ಲಿ ಒಂದು ಪಟ್ಟಿ ತೆರೆದುಕೊಂಡು ನನ್ನ ಹತ್ತಿರ ಬರುತ್ತಾರೆ. ‘ಮೇಡಂ, ಆಂಟ್ವನೆಟ್ ಅಂದ್ರೆ ಬೆಲೆ ಕಟ್ಟಲಾಗದವಳು ಅಂತ ಇದೆ. ಹೌದಾ?’ ಅಲ್ಲ. ಆಂಟೋನಿಯಸ್ ಎಂಬುದು ರೋಮಿನ ಒಂದು ಮನೆತನದ ಹೆಸರು. ರೋಮನ್ನರಿಗಿಂತ ಹಿಂದೆ ಇಟಲಿಯಲ್ಲಿದ್ದ ಎಟ್ರಸ್ಕನ್ನರಿಂದ ಬಂದಿರಬಹುದು ಅನ್ನುತ್ತಾರೆ. ಮೂಲ ಅರ್ಥ ಕಳೆದುಹೋಗಿ ಎಷ್ಟೋ ಶತಮಾನ ಆಯಿತು. ಈ ‘ಬೆಲೆ’ ಆಮೇಲೆ ಅಂಟಿಸಿದ್ದು. ಆದರೆ ಪಟ್ಟಿ ಮಾಡುವವರಿಗೆ ಪ್ರತಿ ಹೆಸರಿನ ಮುಂದೆ ಒಂದು ಚಂದದ ಪದ ಬೇಕು. ನನಗೆ ಇದರ ಮೇಲೆ ನಿಜವಾಗಿಯೂ ಸಿಟ್ಟಿದೆ. ಹೆಸರಿನ ಮುಂದೆ ಬರೆದ ಪದವನ್ನು ನೋಡಿ ಹೆಸರಿಡಬೇಡಿ, ಆ ಹೆಸರನ್ನು ಹೊತ್ತು ಬದುಕಿದವಳು ಯಾರು ಅಂತ ನೋಡಿ. ಇದನ್ನು ಇವತ್ತು ಒಂದೆರಡು ಸಲ ಜಾಸ್ತಿಯೇ ಹೇಳುತ್ತೇನೆ.

ಈ ‘ಎಟ್’ ಅಂದರೆ ಏನು? ಪುಟ್ಟದು, ಮುದ್ದಿನದು ಅಂತ. ರೋಮನ್ ಕಾಲದ ಕೊನೆಯ ಶಾಸನಗಳಲ್ಲೇ ‘ಇಟ್ಟಾ’ ಎಂದು ಮುಗಿಯುವ ಹೆಣ್ಣಿನ ಹೆಸರುಗಳಿವೆ. ಯೂಲಿಟ್ಟಾ ಅಂಥದ್ದೊಂದು. ಅದೇ ಫ್ರಾನ್ಸಿನಲ್ಲಿ ‘ಎಟ್’ ಆಯಿತು. ಮಜಾ ಏನೆಂದರೆ ಇವುಗಳಲ್ಲಿ ಬಹುಪಾಲು ಗಂಡಿನ ಹೆಸರುಗಳು. ಪಾಲ್ ಇದ್ದವನು ಪೋಲೆಟ್ ಆದ. ಬರ್ನಾರ್ಡ್ ಬರ್ನಡೆಟ್ ಆದ. ಹೆನ್ರಿ ಹೆನ್ರಿಯೆಟ್ ಆದ. ಜಾರ್ಜ್ ಜಾರ್ಜೆಟ್ ಆದ. ಗಂಡಿನ ಹೆಸರನ್ನು ಕುಗ್ಗಿಸಿ ಹುಡುಗಿಗೆ ಕೊಡುವುದು.

ನಮ್ಮಲ್ಲೂ ಗಂಡಿನ ಹೆಸರಿನಿಂದ ಹೆಣ್ಣಿನ ಹೆಸರು ಮಾಡುತ್ತೇವೆ. ಬಸಪ್ಪ, ಬಸಮ್ಮ. ಮಲ್ಲಪ್ಪ, ಮಲ್ಲಮ್ಮ. ತಿಮ್ಮಪ್ಪ, ತಿಮ್ಮಕ್ಕ. ಆದರೆ ನಾವು ಸೇರಿಸುವುದು ಅಮ್ಮ, ಅಕ್ಕ. ತೊಟ್ಟಿಲಲ್ಲಿ ಮಲಗಿದ ಕೂಸನ್ನೂ ಅಮ್ಮ ಅಂತ ಕರೆಯುತ್ತೇವೆ. ಫ್ರೆಂಚರು ಎಂಬತ್ತರ ಅಜ್ಜಿಯನ್ನೂ ಪುಟ್ಟಿ ಅಂತ ಕರೆಯುತ್ತಾರೆ.

ಈಗ ನನಗೆ ತುಂಬಾ ಇಷ್ಟದ ಕಥೆಗೆ ಬರುತ್ತೇನೆ. ಸ್ವಲ್ಪ ಉದ್ದ ಆದರೂ ಬಿಡುವವಳಲ್ಲ.

1431ರ ಫೆಬ್ರುವರಿ 21. ಫ್ರಾನ್ಸಿನ ರುವಾನ್ ಊರು. ಆಗ ಅದು ಇಂಗ್ಲಿಷರ ಕೈಯಲ್ಲಿತ್ತು. ಕೋಟೆಯೊಳಗೆ ನ್ಯಾಯಸಭೆ. ಬಿಷಪ್ ಕೋಶೋನ್ ಅಧ್ಯಕ್ಷ. ಸುತ್ತ ಓದಿದ ಪಂಡಿತರು, ಪಾದ್ರಿಗಳು. ಎದುರಿಗೆ ಸುಮಾರು ಹತ್ತೊಂಬತ್ತರ ಹಳ್ಳಿ ಹುಡುಗಿ. ಎರಡು ವರ್ಷ ಹಿಂದೆ ಓರ್ಲಿಯಾನ್ ಊರಿನ ಮುತ್ತಿಗೆ ಮುರಿದವಳು. ನಾವು ಜೋನ್ ಆಫ್ ಆರ್ಕ್ ಅನ್ನುತ್ತೇವಲ್ಲ, ಅವಳೇ. ಮೊದಲಿಗೆ ಪ್ರಮಾಣ ಮಾಡು ಅಂದರು. ಎಲ್ಲಾ ಪ್ರಶ್ನೆಗೂ ಉತ್ತರ ಕೊಡುತ್ತೇನೆ ಅಂತ ಆಣೆ ಇಡುವುದಿಲ್ಲ, ನೀವು ಏನು ಕೇಳುತ್ತೀರೋ ನನಗೆ ಗೊತ್ತಿಲ್ಲ ಅಂದಳು. ಅದಕ್ಕೇ ಬಹಳ ಹೊತ್ತು ಜಗ್ಗಾಟ ಆಯಿತು. ಆಮೇಲೆ ಹೆಸರು ಕೇಳಿದರು.

ಅವಳ ಉತ್ತರ ದಾಖಲೆಯಲ್ಲಿದೆ. ನಮ್ಮೂರ ಕಡೆ ನನ್ನನ್ನು ಜಾನೆಟ್ ಅನ್ನುತ್ತಿದ್ದರು, ಫ್ರಾನ್ಸಿಗೆ ಬಂದ ಮೇಲೆ ಜಾನ್ ಅಂದರು. ಮನೆತನದ ಹೆಸರೋ, ನನಗೇನೂ ಗೊತ್ತಿಲ್ಲ.

ಅವಳ ಊರು ದೊಂರೆಮಿ, ಮ್ಯೂಸ್ ನದಿಯ ದಂಡೆ, ರಾಜ್ಯದ ಗಡಿ. ಆ ಕಡೆಯವರಿಗೆ ರಾಜ ಇರುವ ಸೀಮೆಗೆ ಹೋಗುವುದೇ ‘ಫ್ರಾನ್ಸಿಗೆ ಹೋಗುವುದು’. ಊರಲ್ಲಿ ಅವಳು ಪುಟ್ಟ ಜಾನ್, ಅಂದರೆ ಜಾನೆಟ್. ಕವಚ ತೊಟ್ಟು ಕುದುರೆ ಏರಿದ ಮೇಲೆ ‘ಎಟ್’ ಎಂಬ ಬಾಲ ಉದುರಿಹೋಯಿತು. ಅವಳ ಸಹಿ ಇರುವ ಪತ್ರಗಳು ಇವತ್ತಿಗೂ ಇವೆ. ಅವುಗಳಲ್ಲಿ ‘ಜೆಹಾನ್’ ಅಂತಿದೆ. ಜಾನೆಟ್ ಇಲ್ಲ.

ಆ ವರ್ಷ ಮೇ 30ಕ್ಕೆ ಅವಳನ್ನು ಸುಟ್ಟರು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇಪ್ಪತ್ತೈದು ವರ್ಷದ ನಂತರ, 1456ರಲ್ಲಿ, ಆ ತೀರ್ಪು ತಪ್ಪೇ ಅಂತ ನೋಡಲು ಮರುವಿಚಾರಣೆ ನಡೆಯಿತು. ಅಧಿಕಾರಿಗಳು ದೊಂರೆಮಿಗೇ ಹೋಗಿ ಊರವರನ್ನು ಕೂರಿಸಿ ಕೇಳಿದರು. ಸಾಕ್ಷಿ ಹೇಳಿದವರಲ್ಲಿ ಅವಳ ಗೆಳತಿಯರಿಬ್ಬರು. ಒಬ್ಬಳು ಓವಿಯೆಟ್. ಇನ್ನೊಬ್ಬಳು ಮಾಂಜೆಟ್. ನೋಡಿ, ಆ ಬೀದಿಯಲ್ಲಿ ಎಲ್ಲರೂ ಎಟ್! ಜಾನೆಟ್ ಊರು ಬಿಡುವಾಗ ಮಾಂಜೆಟ್‌ಗೆ ಹೇಳಿ ಹೋಗಿದ್ದಳು. ಓವಿಯೆಟ್‌ಗೆ ಹೇಳಿರಲಿಲ್ಲ. ಓವಿಯೆಟ್ ಹೇಳುತ್ತಾಳೆ: ಅವಳು ಹೋಗಿದ್ದೇ ನನಗೆ ಗೊತ್ತಾಗಲಿಲ್ಲ, ಗೊತ್ತಾದಾಗ ತುಂಬಾ ಅತ್ತೆ, ಅವಳು ನನ್ನ ಗೆಳತಿ. ನಲವತ್ತು ದಾಟಿದ ಹೆಂಗಸು, ಮಕ್ಕಳು ಮರಿ ಇರುವ ವಯಸ್ಸು, ಅಧಿಕಾರಿಗಳ ಮುಂದೆ ಹೀಗೆ ಹೇಳುತ್ತಾಳೆ. ಊರಿನವರ ಆ ಸಾಕ್ಷಿಗಳಲ್ಲಿ ಅವಳು ಮತ್ತೆ ಜಾನೆಟ್ ಆಗಿದ್ದಾಳೆ. ಸೇನೆಗೆ ಜಾನ್ ಇರಬಹುದು, ಗೆಳತಿಗೆ ಅಲ್ಲ.

ಪಟ್ಟಿಯಲ್ಲಿ ಏನಿರುತ್ತದೆ ಹೇಳಿ? ‘ಜಾನೆಟ್: ದೇವರ ಕೃಪೆ.’ ಸರಿ, ತಪ್ಪಲ್ಲ. ಹೀಬ್ರೂ ಭಾಷೆಯ ಯೋಹಾನಾನ್ ಅದರ ಮೂಲ. ಆ್ಯನೆಟ್‌ಗೆ ಮೂಲವಾದ ಹನ್ನಾ ಕೂಡ ಅದೇ ಕೃಪೆಯ ಬೇರಿನಿಂದ ಬಂದದ್ದು. ಹಾಗಾಗಿ ಜಾನೆಟ್, ಆ್ಯನೆಟ್ ದೂರದ ಅಕ್ಕತಂಗಿಯರು. ಆದರೆ ಓವಿಯೆಟ್ ಅತ್ತಿದ್ದು ಯಾವ ಪಟ್ಟಿಯಲ್ಲಿದೆ?

ಕೊಲೆಟ್ ವಿಷಯ ಚಿಕ್ಕದಾಗಿ. 1381ರಲ್ಲಿ ಕೊರ್ಬಿ ಎಂಬ ಊರಿನಲ್ಲಿ ಬಡಗಿಯೊಬ್ಬನಿಗೆ ಮಗಳು ಹುಟ್ಟಿದಳು. ಗಂಡ ಹೆಂಡತಿಗೆ ವಯಸ್ಸಾಗಿತ್ತು. ಸಂತ ನಿಕೋಲಸ್‌ಗೆ ಹರಕೆ ಹೊತ್ತಿದ್ದರು. ಹಾಗಾಗಿ ಮಗು ನಿಕೋಲೆಟ್. ಬಾಯಲ್ಲಿ ತಲೆ ತುಂಡಾಗಿ ಕೊಲೆಟ್. ನಿಕೋಲಸ್ ಅಂದರೆ ಗ್ರೀಕಿನಲ್ಲಿ ಜನರ ಗೆಲುವು. ಆ ‘ಗೆಲುವು’ ಬಹುಪಾಲು ಬಿದ್ದುಹೋಗಿ ‘ಜನ’ದ ಚೂರೊಂದು ಉಳಿದಿದೆ. ಪಟ್ಟಿಗಳು ಮಾತ್ರ ಕೊಲೆಟ್ ಅಂದರೆ ವಿಜಯ ಅಂತ ಬರೆಯುತ್ತವೆ! ಇರಲಿ. ಆ ಹುಡುಗಿ ಮುಂದೆ ಸಂತ ಕ್ಲಾರಾಳ ಸನ್ಯಾಸಿನಿಯರ ಮಠಗಳನ್ನು ಬಡತನದ ಹಳೆಯ ಕಟ್ಟುನಿಟ್ಟಿಗೆ ಮರಳಿ ತಂದಳು. 1807ರಲ್ಲಿ ಸಂತ ಪದವಿ ಸಿಕ್ಕಿತು. ಲೇಖಕಿ ಕೊಲೆಟ್ ಬಗ್ಗೆ ಕೇಳುವವರಿದ್ದಾರೆ. ಅವರದು ಅಪ್ಪನ ಮನೆತನದ ಹೆಸರು, ಇಟ್ಟ ಹೆಸರು ಸಿದೋನಿ ಗಾಬ್ರಿಯೆಲ್. 1954ರಲ್ಲಿ ತೀರಿಕೊಂಡಾಗ ಫ್ರಾನ್ಸ್ ಸರ್ಕಾರಿ ಗೌರವದಿಂದ ಕಳಿಸಿಕೊಟ್ಟಿತು.

ಬರ್ನಡೆಟ್ ಬಗ್ಗೆ ಈ ಊರಿನವರಿಗೆ ನಾನು ಏನು ಹೇಳಲಿ? ಲೂರ್ದ್ ಮಾತೆಯ ಕಥೆ, ಅಂದರೆ ಫ್ರಾನ್ಸಿನ ಲೂರ್ದ್ ಊರಿನ ಹುಡುಗಿ ಬರ್ನಡೆಟ್‌ಗೆ ಮಾತೆ ಮೇರಿ ಕಂಡ ಕಥೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದೇ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ದೀಕ್ಷಾಸ್ನಾನದ ಹೆಸರು ಮರಿ ಬರ್ನಾರ್ಡ್. ಜ್ಞಾನಮಾತೆಯಾದ ದೊಡ್ಡಮ್ಮ ಬರ್ನಾರ್ಡ್, ಅವರ ಹೆಸರೇ ಇಟ್ಟರು. ಬರ್ನಾರ್ಡ್ ಅಂದರೆ ಹಳೆಯ ಜರ್ಮನ್ ಮಾತಿನಲ್ಲಿ ಕರಡಿಯಂಥ ಗಟ್ಟಿಗ. ಹುಡುಗಿಗೋ ಉಬ್ಬಸ. ಹದಿನಾಲ್ಕಾದರೂ ಕುಳ್ಳಿ. ಸಂಸಾರ ಇದ್ದದ್ದು ಊರಿನ ಹಳೆಯ ಜೈಲಿನ ಒಂದು ಕೋಣೆಯಲ್ಲಿ. ಊರಿಗೆಲ್ಲ ಅವಳು ಬರ್ನಡೆಟ್, ಅಂದರೆ ಪುಟ್ಟಿ. 1858ರಲ್ಲಿ ಗುಹೆಯಲ್ಲಿ ಕಂಡ ತಾಯಿ ಅವಳದೇ ಹಳ್ಳಿ ಮಾತಿನಲ್ಲಿ ಕೇಳಿದರಂತೆ, ಹದಿನೈದು ದಿನ ಇಲ್ಲಿಗೆ ಬರುವ ಕೃಪೆ ಮಾಡುತ್ತೀರಾ ಅಂತ. ‘ನೀನು’ ಅನ್ನಲಿಲ್ಲ, ‘ನೀವು’ ಅಂದರು. ಒಬ್ಬ ಮನುಷ್ಯರು ಇನ್ನೊಬ್ಬ ಮನುಷ್ಯರನ್ನು ನೋಡುವ ಹಾಗೆ ನನ್ನನ್ನು ನೋಡಿದರು ಅಂತ ಬರ್ನಡೆಟ್ ಆಮೇಲೆ ಹೇಳಿಕೊಂಡಳು. ನಂಬಿಕೆ ಇರುವವರು, ಇಲ್ಲದವರು ಇಬ್ಬರೂ ಈ ಮಾತಿನ ಮುಂದೆ ಒಂದು ಕ್ಷಣ ನಿಲ್ಲಬೇಕು. ಹುಡುಗಿಗೆ ಆಗ ಹದಿನಾಲ್ಕು ವರ್ಷ. ಅಲ್ಲಿಯವರೆಗೆ ಯಾರೂ ಅವಳಿಗೆ ‘ನೀವು’ ಅಂದಿರಲಿಲ್ಲ.

ಫ್ರಾನ್ಸಿನಲ್ಲಿ ಹೆಸರಿಡುವುದಕ್ಕೂ ಕಾನೂನಿತ್ತು. 1803ರ ಕಾನೂನಿನ ಪ್ರಕಾರ ಸಂತರ ಪಂಚಾಂಗದಲ್ಲಿ ಇರುವ, ಇಲ್ಲವೇ ಪ್ರಾಚೀನ ಇತಿಹಾಸದಲ್ಲಿ ಬರುವ ಹೆಸರನ್ನೇ ಇಡಬೇಕು. ಆದರೂ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಪೋಲೆಟ್, ಜಿನೆಟ್, ಓಡೆಟ್, ಕೊಲೆಟ್‌ಗಳು ಬೀದಿ ತುಂಬಾ ಓಡಾಡಿದರು. 1966ರಲ್ಲಿ ಮುದ್ದಿನ ಹೆಸರುಗಳ ಬಗ್ಗೆ ಸಡಿಲ ಇರಲಿ ಅಂತ ಸರ್ಕಾರವೇ ಅಧಿಕಾರಿಗಳಿಗೆ ಹೇಳಿತು. 1993ರಲ್ಲಿ ಬಾಗಿಲು ಪೂರ್ತಿ ತೆರೆಯಿತು. ಅಷ್ಟು ಸಾಕು.

ಈ ಪುಟ್ಟ ಬಾಲವನ್ನು ಅವಮಾನಕ್ಕೂ ಬಳಸಿದರು. 1906, ಲಂಡನ್. ಹೆಂಗಸರು ಮತದಾನದ ಹಕ್ಕು ಕೇಳುತ್ತಿದ್ದರು. ಅಂಥವರಿಗೆ ಸಫ್ರಾಜಿಸ್ಟ್ ಎಂಬ ಹೆಸರಿತ್ತು. ಡೈಲಿ ಮೇಲ್ ಪತ್ರಿಕೆ ಅದಕ್ಕೆ ‘ಎಟ್’ ಅಂಟಿಸಿ ಸಫ್ರಾಜೆಟ್ ಅಂತ ಗೇಲಿ ಮಾಡಿತು. ಆ ಹೆಂಗಸರು ಏನು ಮಾಡಿದರು? ಅದೇ ಹೆಸರನ್ನು ಎತ್ತಿಕೊಂಡರು. 1912ರಲ್ಲಿ ತಮ್ಮ ಪತ್ರಿಕೆಗೇ ಆ ಹೆಸರಿಟ್ಟರು. ಮಹಾರಾಜ ರಣಜಿತ್ ಸಿಂಗರ ಮೊಮ್ಮಗಳು ಸೋಫಿಯಾ ದುಲೀಪ್ ಸಿಂಗ್ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಹೊರಗೆ ನಿಂತು ಆ ಪತ್ರಿಕೆ ಮಾರುತ್ತಿದ್ದ ಫೋಟೋ ಇದೆ. ಹುಡುಕಿ ನೋಡಿ. ಹೆಣ್ಣುಮಕ್ಕಳಿಗೆ ತಪ್ಪದೇ ತೋರಿಸಿ.

ಜಾರ್ಜೆಟ್ ಅಂದಕೂಡಲೇ ನೀವೆಲ್ಲ ನಗುತ್ತೀರಿ ಅಂತ ಗೊತ್ತಿತ್ತು. ಹೌದು, ಸೀರೆಯದೇ. ಆ ಬಟ್ಟೆಗೆ ಹೆಸರು ಬಂದದ್ದು ಜಾರ್ಜೆಟ್ ದ ಲಾ ಪ್ಲಾಂತ್ ಎಂಬ ಫ್ರೆಂಚ್ ದರ್ಜಿಯಿಂದ. ಜಾರ್ಜ್ ಅಂದರೆ ಗ್ರೀಕಿನಲ್ಲಿ ಮಣ್ಣಿನಲ್ಲಿ ದುಡಿಯುವವನು, ರೈತ. ಇಲ್ಲಿ ಜಾರ್ಜೆಟ್ ಸೀರೆ ಉಟ್ಟ ಅಕ್ಕಂದಿರೆಲ್ಲ ಪುಟ್ಟ ರೈತಿಯ ಹೆಸರನ್ನು ಉಟ್ಟಿದ್ದೀರಿ. ಚೆನ್ನಾಗಿ ಕಾಣುತ್ತಿದೆ.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಆದರೆ ಕ್ಲೋಡೆಟ್ ಹೇಳದೆ ನಾನು ಇಳಿಯುವುದಿಲ್ಲ.

ಪಟ್ಟಿ ಮಾಡುವವರಿಗೆ ಬಹಳ ಕಷ್ಟದ ಹೆಸರು ಇದು. ಯಾಕೆಂದರೆ ಕ್ಲಾಡಿಯಸ್ ಎಂಬ ರೋಮನ್ ಹೆಸರನ್ನು ‘ಕುಂಟ’ ಎಂಬ ಪದದ ಜೊತೆ ಸೇರಿಸುತ್ತಾರೆ. ಕುಂಟ ಹುಡುಗಿ! ಯಾರು ಇಡುತ್ತಾರೆ? ಅಲ್ವಾ? 1955ರ ಮಾರ್ಚ್ 2. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗಮರಿ. ಶಾಲೆ ಮುಗಿಸಿ ಬಸ್ಸಿನಲ್ಲಿ ಕೂತ ಹದಿನೈದು ವರ್ಷದ ಕಪ್ಪು ಹುಡುಗಿ ಕ್ಲೋಡೆಟ್ ಕಾಲ್ವಿನ್. ಬಿಳಿಯ ಹೆಂಗಸಿಗೆ ಸೀಟು ಬಿಡು ಅಂದರು. ಏಳಲಿಲ್ಲ. ಪೊಲೀಸರು ಎಳೆದೊಯ್ದರು. ಹೀಗೆ ಸೀಟು ಬಿಡದೆ ಹೆಸರಾದ ರೋಸಾ ಪಾರ್ಕ್ಸ್ ಅದೇ ಊರಲ್ಲಿ ಕೂತೇ ಉಳಿದದ್ದು ಒಂಬತ್ತು ತಿಂಗಳ ನಂತರ. ಬಸ್ಸಿನ ಈ ಭೇದವನ್ನು ಮುರಿದ 1956ರ ಮೊಕದ್ದಮೆಯಲ್ಲಿ ದೂರು ಕೊಟ್ಟ ನಾಲ್ವರು ಹೆಂಗಸರಲ್ಲಿ ಕ್ಲೋಡೆಟ್ ಒಬ್ಬಳು.

ಯಾಕೆ ಏಳಲಿಲ್ಲ ಅಂತ ಕೇಳಿದಾಗ ಅವರು ಹೇಳುತ್ತಿದ್ದದ್ದು ಇಷ್ಟು. ಒಂದು ಭುಜವನ್ನು ಹ್ಯಾರಿಯೆಟ್ ಟಬ್ಮನ್ ಒತ್ತಿ ಹಿಡಿದಿದ್ದರು, ಇನ್ನೊಂದನ್ನು ಸೋಜರ್ನರ್ ಟ್ರೂತ್. ಗುಲಾಮಗಿರಿ ವಿರುದ್ಧ ನಿಂತ ಇಬ್ಬರು ತಾಯಂದಿರು. ಈಗ ಗಮನ ಕೊಡಿ. ಹ್ಯಾರಿಯೆಟ್ ಬೇರೆ ಯಾರೂ ಅಲ್ಲ, ಹೆನ್ರಿಯೆಟ್‌ನ ಇಂಗ್ಲಿಷ್ ರೂಪ. ಹೆನ್ರಿ ಅಂದರೆ ಮನೆಯ ಒಡೆಯ. ಟಬ್ಮನ್ ಹುಟ್ಟುವಾಗ ಅರಮಿಂಟಾ. ಆಮೇಲೆ ತಾಯಿಯ ಹೆಸರು ಹ್ಯಾರಿಯೆಟ್ ತಾವೇ ಇಟ್ಟುಕೊಂಡರು. ತಪ್ಪಿಸಿಕೊಂಡು ಬಂದ ಮೇಲೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬೇರೆಯವರನ್ನೂ ಬಿಡಿಸಿ ತಂದರು. ನೂರು ವರ್ಷ ದಾಟಿ ಒಬ್ಬ ಎಟ್‌ಳ ಕೈ ಇನ್ನೊಬ್ಬ ಎಟ್‌ಳ ಭುಜದ ಮೇಲೆ. ಅದಕ್ಕೇ ನಾನು ಹೇಳುವುದು, ಹೊತ್ತವಳನ್ನು ನೋಡಿ. ಆಗ ‘ಕುಂಟ’ ಎಂಬ ಪದಕ್ಕೆ ಯಾರು ಹೆದರುತ್ತಾರೆ?

ಉಳಿದವು ಓಡುತ್ತಾ ಹೇಳುತ್ತೇನೆ. ಪೋಲೆಟ್: ಪಾಲ್ ಅಂದರೇ ಚಿಕ್ಕವನು, ಅದಕ್ಕೆ ಮತ್ತೆ ಚಿಕ್ಕ ಬಾಲ. ಇವೆಟ್: ಬಿಲ್ಲು ಮಾಡುವ ಯೂ ಮರದಿಂದ. ಸೂಜೆಟ್: ಹೀಬ್ರೂವಿನ ಲಿಲ್ಲಿ ಹೂ. ಓಡೆಟ್: ಹಳೆಯ ಜರ್ಮನ್‌ನಲ್ಲಿ ಸಂಪತ್ತು. ಆದರೆ ನನಗೆ ಓಡೆಟ್ ಅಂದರೆ ಓಡೆಟ್ ಸ್ಯಾನ್ಸಮ್. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತ ಕೆಲಸಕ್ಕೆ ಫ್ರಾನ್ಸಿಗೆ ಹೋಗಿ ಸಿಕ್ಕಿಬಿದ್ದರು. ಕಾಲಿನ ಉಗುರು ಕಿತ್ತರೂ ಜೊತೆಯವರ ಸುಳಿವು ಕೊಡಲಿಲ್ಲ. ನಾಜಿಗಳ ರಾವೆನ್ಸ್‌ಬ್ರುಕ್ ಸೆರೆ ಶಿಬಿರದಿಂದ ಬದುಕಿ ಬಂದರು. ವಯೊಲೆಟ್ ಸಾಬೊ ಅದೇ ಕೆಲಸದವರು, ಅದೇ ಶಿಬಿರ. ಅವರು ಬರಲಿಲ್ಲ. ಇಬ್ಬರಿಗೂ 1946ರಲ್ಲಿ ಜಾರ್ಜ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯಪದಕ ಕೊಟ್ಟರು. ಜೂಲಿಯೆಟ್ ಬಗ್ಗೆ ಹೇಳಲು ಸಮಯ ಇಲ್ಲ. ಅವಳ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ.

ಒಂದು ಚೀಟಿ ಬಂದಿದೆ. ‘ನಮ್ಮ ಮೊಮ್ಮಗಳ ಹೆಸರು ಲಿನೆಟ್. ಅದರ ಅರ್ಥ ಹೇಳಿ.’ ಅಮ್ಮಾ, ಇದು ಬಾಲದ ಹೆಸರೇ ಅಲ್ಲ! ಮೂಲ ವೇಲ್ಸ್ ಸೀಮೆಯ ಎಲೂನೆಡ್. ಹನ್ನೆರಡನೇ ಶತಮಾನದಲ್ಲಿ ಫ್ರೆಂಚ್ ಕವಿಯ ಬಾಯಲ್ಲಿ ಲುನೆಟ್ ಆಯಿತು. 1872ರಲ್ಲಿ ಇಂಗ್ಲಿಷ್ ಕವಿ ಟೆನ್ನಿಸನ್ ಬರೆದ ಮೇಲೆ ಲಿನೆಟ್ ಆಗಿ ಹಬ್ಬಿತು. ಅರ್ಥ ಬಿಡಿ, ಆ ಫ್ರೆಂಚ್ ಕಥೆಯ ಲುನೆಟ್ ಯಾರು ಅಂತ ಕೇಳಿ. ಕೋಟೆಯ ಎರಡು ಬಾಗಿಲುಗಳ ನಡುವೆ ಸಿಕ್ಕಿಬಿದ್ದ ವೀರನೊಬ್ಬನಿಗೆ ಕಣ್ಣಿಗೆ ಕಾಣದಂತೆ ಮಾಡುವ ಉಂಗುರ ಕೊಟ್ಟು ಉಳಿಸಿದ ಜಾಣೆ. ಇಡೀ ಕಥೆಯಲ್ಲಿ ಬುದ್ಧಿ ಓಡಿಸುವವಳು ಅವಳೇ. ಇದನ್ನು ಮೊಮ್ಮಗಳಿಗೆ ಇವತ್ತೇ ಹೇಳಿ.