ಕರೆಂಟೂ ನಮ್ಮದೇ, ಮೋಟಾರೂ ನಮ್ಮದೇ: ಎಚ್‌ಐವಿಯನ್ನು ನಡೆಸುವ ನಮ್ಮ ಪ್ರೋಟೀನ್‌ಗಳು

(ದೃಶ್ಯ: ಚನ್ನಗಿರಿ ರಸ್ತೆಯ ಅಡಿಕೆ ತೋಟ. ಪಂಪ್‌ಮನೆಯ ಗೋಡೆಯ ಮೇಲಿನ ಸ್ಟಾರ್ಟರ್ ಪೆಟ್ಟಿಗೆ, ಹತ್ತಿರದಿಂದ.)

ನಮಸ್ಕಾರ. ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲಿ, ಪರಿಚಿತರೊಬ್ಬರ ಅಡಿಕೆ ತೋಟದ ಪಂಪ್‌ಮನೆಯ ಮುಂದೆ ನಿಂತು ಮಾತನಾಡುತ್ತಿದ್ದೇನೆ. ಈ ಪೆಟ್ಟಿಗೆಯ ಮೇಲಿರುವ ಕೆಂಪು, ಹಳದಿ, ನೀಲಿ ದೀಪಗಳನ್ನು ನೋಡಿ. ತ್ರೀ ಫೇಸ್ ಕರೆಂಟು ಬಂದಾಗ ಮೂರೂ ಹೊತ್ತಿಕೊಳ್ಳುತ್ತವೆ. ಒಳಗಿರುವ ಆಟೋ ಸ್ಟಾರ್ಟರ್, ತೋಟದ ಯಜಮಾನರು ಊರಿನಲ್ಲಿ ನಿದ್ದೆಯಲ್ಲಿದ್ದರೂ, ತಾನೇ ಮೋಟಾರನ್ನು ಚಾಲೂ ಮಾಡುತ್ತದೆ. ಚಿತ್ರದುರ್ಗದ ವೀಕ್ಷಕರೊಬ್ಬರ ಪ್ರಶ್ನೆಗೆ ಉತ್ತರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯಲಿಲ್ಲ. ಅವರು ಕೇಳಿದ್ದು ಇಷ್ಟು: ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಹೇಳುವ ವೈರಲ್ ಲೋಡ್ ವರದಿಯಲ್ಲಿ ಎಚ್‌ಐವಿ ಕಾಣುತ್ತಲೇ ಇಲ್ಲ ಎಂದಾದ ಮೇಲೂ ಮಾತ್ರೆಯನ್ನು ಜೀವನಪೂರ್ತಿ ಏಕೆ ನುಂಗಬೇಕು?

ಎಚ್‌ಐವಿಯ ಆಸ್ತಿ ಎಂದರೆ ಸುಮಾರು 9,700 ಅಕ್ಷರಗಳ ಆರ್‌ಎನ್‌ಎ ಮತ್ತು ಅದರಲ್ಲಿರುವ 9 ವಂಶವಾಹಿಗಳು. ಆ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ತಿರುಗಿಸುವ ಕಿಣ್ವವನ್ನೂ, ಆ ಡಿಎನ್‌ಎಯನ್ನು ನಮ್ಮ ವರ್ಣತಂತುವಿನೊಳಗೆ ಹೊಲಿಯುವ ಕಿಣ್ವವನ್ನೂ ಅದು ಜೊತೆಗೇ ಹೊತ್ತು ತರುತ್ತದೆ. ಆದರೆ ಹೊಲಿದಾದ ಮೇಲೆ ಅದನ್ನು ಓದಿ ಮತ್ತೆ ಆರ್‌ಎನ್‌ಎ ಬರೆಯುವ ಯಂತ್ರ ಮಾತ್ರ ಅದರ ಬಳಿ ಇಲ್ಲ. ಆ ಯಂತ್ರ ನಮ್ಮ ಜೀವಕೋಶದ್ದು. ಅದರ ಹೆಸರು ಆರ್‌ಎನ್‌ಎ ಪಾಲಿಮರೇಸ್ 2. ಅಂದರೆ ಈ ವೈರಸ್ ಪರರ ತೋಟಕ್ಕೆ ಬರೀ ಒಂದು ಸ್ವಿಚ್ಚು ತಂದು ಕೂರಿಸುವ ಅತಿಥಿ.

ಆ ಸ್ವಿಚ್ಚು ವೈರಸ್ಸಿನ ಡಿಎನ್‌ಎಯ ತುದಿಯಲ್ಲಿದೆ. ಅದನ್ನು ಒತ್ತುವವರಲ್ಲಿ ಮುಖ್ಯವಾದದ್ದು ಎನ್‌ಎಫ್-ಕಪ್ಪಾ-ಬಿ ಎಂಬ ನಮ್ಮದೇ ಪ್ರೋಟೀನ್. ಎಚ್‌ಐವಿ ಮನೆಮಾಡುವ ಬಿಳಿ ರಕ್ತಕಣವಾದ ಟಿ ಜೀವಕೋಶ ಸುಮ್ಮನಿರುವಾಗ ಇದನ್ನು ಇನ್ನೊಂದು ಪ್ರೋಟೀನ್ ಕೋಶಕೇಂದ್ರದ ಹೊರಗೇ ಹಿಡಿದಿಟ್ಟುಕೊಂಡಿರುತ್ತದೆ. ಸೋಂಕೊಂದು ತಗುಲಿ ಟಿ ಜೀವಕೋಶ ಎಚ್ಚೆತ್ತರೆ ಆ ಹಿಡಿತ ಕಳಚಿ, ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ನುಗ್ಗಿ, ರೋಗದ ವಿರುದ್ಧ ಹೋರಾಡಲು ಬೇಕಾದ ನಮ್ಮ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಅದೇ ಗಳಿಗೆಯಲ್ಲಿ ವೈರಸ್ಸಿನ ಸ್ವಿಚ್ಚನ್ನೂ ಒತ್ತುತ್ತದೆ. ಅಮೆರಿಕ, ಯುರೋಪುಗಳಲ್ಲಿ ಹೆಚ್ಚಾಗಿರುವ ಬಿ ಉಪಪ್ರಭೇದದಲ್ಲಿ ಇದು ಕೂರಲು ಸಾಮಾನ್ಯವಾಗಿ 2 ತಾಣಗಳಿದ್ದರೆ, ಭಾರತದಲ್ಲಿ ವ್ಯಾಪಕವಾಗಿರುವ ಸಿ ಉಪಪ್ರಭೇದದಲ್ಲಿ 3 ಇರುತ್ತವೆ. 4 ತಾಣಗಳಿರುವ ವೈರಸ್‌ಗಳು ನಮ್ಮ ದೇಶದಲ್ಲಿ ತಲೆಯೆತ್ತುತ್ತಿರುವುದನ್ನು 2012ರಲ್ಲಿ ವರದಿ ಮಾಡಿದ್ದು ದೂರದವರಲ್ಲ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ. ತಾಣ ಹೆಚ್ಚಿದಂತೆ ನಕಲಿನ ವೇಗವೂ ಹೆಚ್ಚುತ್ತದೆ ಎಂಬುದನ್ನು ಅವರು ತೋರಿಸಿದರು.

(ದೃಶ್ಯ: ಬಿಳಿ ಹಲಗೆ. ಡಿಎನ್‌ಎ ಎಳೆ, ಅದರ ಮೇಲೆ ನಿಂತ ಪಾಲಿಮರೇಸ್.)

ಸ್ವಿಚ್ಚು ಒತ್ತಿದರೆ ಕೆಲಸ ಮುಗಿಯಿತೇ ಎಂದರೆ, ಇಲ್ಲ. ಪಾಲಿಮರೇಸ್ ಕೆಲವು ಹತ್ತು ಅಕ್ಷರಗಳನ್ನು ಬರೆದು ನಿಂತುಬಿಡುತ್ತದೆ, ಏಕೆಂದರೆ ನೆಲ್ಫ್ ಮತ್ತು ಡಿಸಿಫ್ ಎಂಬ ನಮ್ಮ ಎರಡು ಪ್ರೋಟೀನ್ ಗುಂಪುಗಳು ಅದಕ್ಕೆ ಬ್ರೇಕು ಹಾಕುತ್ತವೆ. ಬ್ರೇಕು ಬಿಡಿಸುವ ಜೋಡಿಯೂ ನಮ್ಮದೇ: ಸಿಡಿಕೆ9 ಮತ್ತು ಸೈಕ್ಲಿನ್ ಟಿ1. ಈ ಜೋಡಿಯ ಬಹುಪಾಲನ್ನು ಜೀವಕೋಶ 7ಎಸ್‌ಕೆ ಎಂಬ ಆರ್‌ಎನ್‌ಎಗೂ ಹೆಕ್ಸಿಮ್1 ಎಂಬ ಪ್ರೋಟೀನಿಗೂ ಕಟ್ಟಿಹಾಕಿ, ಬೇಕಾದಾಗಷ್ಟೇ ಬಿಚ್ಚುತ್ತದೆ. ಇಲ್ಲಿ ಬರುತ್ತದೆ ವೈರಸ್ಸಿನ ಟ್ಯಾಟ್ ಎಂಬ ಪುಟ್ಟ ಪ್ರೋಟೀನ್. ಅದು ಈ ಜೋಡಿಯನ್ನು ಕಟ್ಟಿನಿಂದ ಕಿತ್ತು ತಂದು, ವೈರಸ್ಸಿನ ಆರ್‌ಎನ್‌ಎಯ ಆರಂಭದಲ್ಲೇ ಕೂದಲ ಪಿನ್ನಿನಂತೆ ಮಡಚಿಕೊಂಡಿರುವ ಭಾಗಕ್ಕೆ ಕೂರಿಸುತ್ತದೆ. ಸಿಡಿಕೆ9 ಫಾಸ್ಫೇಟ್ ಅಂಟಿಸಿ ಬ್ರೇಕು ಬಿಡಿಸುತ್ತದೆ, ಪಾಲಿಮರೇಸ್ ಕೊನೆಯವರೆಗೂ ಓಡುತ್ತದೆ, ಹೊಸ ಆರ್‌ಎನ್‌ಎಯಿಂದ ಇನ್ನಷ್ಟು ಟ್ಯಾಟ್ ತಯಾರಾಗುತ್ತದೆ, ಅದು ಇನ್ನಷ್ಟು ಓಟವನ್ನು ಹುಟ್ಟಿಸುತ್ತದೆ. ನಾನು ಆಟೋ ಸ್ಟಾರ್ಟರ್ ತೋರಿಸಿದ್ದು ಇದಕ್ಕಾಗಿ. ಆದರೆ ತೋಟದ ಸ್ಟಾರ್ಟರ್ ತನ್ನಂಥ ಇನ್ನೊಂದನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ, ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ.

ಸೈಕ್ಲಿನ್ ಟಿ1ರ ಪಾತ್ರ 1998ರಲ್ಲಿ ಬೆಳಕಿಗೆ ಬಂದಾಗ ಹಳೆಯ ಒಗಟೊಂದೂ ಬಿಡಿಸಿಕೊಂಡಿತು. ಇಲಿಯ ಜೀವಕೋಶದಲ್ಲಿ ಟ್ಯಾಟ್ ಏಕೆ ಸರಿಯಾಗಿ ಕೆಲಸ ಮಾಡುವುದಿಲ್ಲ? ಮನುಷ್ಯನ ಸೈಕ್ಲಿನ್ ಟಿ1ರಲ್ಲಿ 261ನೆಯ ಸ್ಥಾನದಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದ್ದರೆ ಇಲಿಯದರಲ್ಲಿ ಅದೇ ಜಾಗದಲ್ಲಿ ಟೈರೋಸಿನ್ ಇದೆ. ಎಚ್‌ಐವಿ ಇಲಿಯಲ್ಲಿ ಬೆಳೆಯದಿರಲು ಬೇರೆ ಅಡ್ಡಿಗಳೂ ಇವೆ, ನಿಜ. ಆದರೂ ಒಂದು ಅಮೈನೋ ಆಮ್ಲದ ವ್ಯತ್ಯಾಸಕ್ಕೆ ಇಷ್ಟು ಬೆಲೆಯಿರುವುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ಬರೆದ ಆರ್‌ಎನ್‌ಎಯನ್ನು ಕತ್ತರಿಸದೆ ಕೋಶಕೇಂದ್ರದಿಂದ ಹೊರಸಾಗಿಸಲು ವೈರಸ್ಸಿನ ರೆವ್ ಪ್ರೋಟೀನ್ ನಮ್ಮ ಸಿಆರ್‌ಎಂ1 ಎಂಬ ಸಾಗಣೆ ಪ್ರೋಟೀನಿನ ಬೆನ್ನೇರುತ್ತದೆ ಎಂಬುದನ್ನು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಪ್ರಶ್ನೆಯ ಉತ್ತರ ಇರುವುದು ಸ್ವಿಚ್ಚು ಆರಿರುವ ಜೀವಕೋಶಗಳಲ್ಲಿ.

ಹೋರಾಟ ಮುಗಿಸಿದ ಕೆಲವು ಟಿ ಜೀವಕೋಶಗಳು ನೆನಪಿನ ಕೋಶಗಳಾಗಿ ವರ್ಷಗಟ್ಟಲೆ ವಿಶ್ರಮಿಸುತ್ತವೆ. ಅಲ್ಲಿ ಎನ್‌ಎಫ್-ಕಪ್ಪಾ-ಬಿ ಹೊರಗೆ, ಸೈಕ್ಲಿನ್ ಟಿ1 ಅತ್ಯಲ್ಪ. ಜೊತೆಗೆ ಹಿಸ್ಟೋನ್ ಡಿಅಸಿಟೈಲೇಸ್ ಎಂಬ ಕಿಣ್ವಗಳು ವೈರಸ್ಸಿನ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡುತ್ತವೆ. ವೈರಸ್ಸಿನ ಡಿಎನ್‌ಎ ಅಲ್ಲೇ ಇದೆ, ಕರೆಂಟಿಲ್ಲ ಅಷ್ಟೆ. ಚಿಕಿತ್ಸೆಯಲ್ಲಿರುವವರಲ್ಲೂ ಇಂಥ ಕೋಶಗಳು ಉಳಿಯುತ್ತವೆ ಎಂದು 1997ರಲ್ಲಿ ಗೊತ್ತಾಯಿತು. ಅವುಗಳ ಸಂಖ್ಯೆ ಅರ್ಧಕ್ಕಿಳಿಯಲು ಸರಾಸರಿ 44 ತಿಂಗಳು ಬೇಕೆಂದು ಆಮೇಲೆ ಲೆಕ್ಕ ಸಿಕ್ಕಿತು. ವೈರಲ್ ಲೋಡ್ ಪರೀಕ್ಷೆ ಎಣಿಸುವುದು ರಕ್ತದ ಪ್ಲಾಸ್ಮಾದಲ್ಲಿರುವ ವೈರಸ್ಸಿನ ಆರ್‌ಎನ್‌ಎಯನ್ನು, ಮಲಗಿರುವ ಕೋಶದೊಳಗಿನ ಡಿಎನ್‌ಎಯನ್ನಲ್ಲ. ಈಗ ಬಳಕೆಯಲ್ಲಿರುವ ಮಾತ್ರೆಗಳಲ್ಲಿ ಹೆಚ್ಚಿನವು ವೈರಸ್ಸಿನ ಕಿಣ್ವಗಳನ್ನೋ ಹೊಸ ಕೋಶಕ್ಕೆ ಅದರ ಪ್ರವೇಶವನ್ನೋ ತಡೆಯುತ್ತವೆ, ಈ ಸ್ವಿಚ್ಚನ್ನು ಮುಟ್ಟುವುದಿಲ್ಲ. ಹಾಗಾಗಿ ಮಾತ್ರೆ ಬಿಟ್ಟ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ವೈರಸ್ ಮರಳುತ್ತದೆ.

ಮಲಗಿರುವ ವೈರಸ್ಸನ್ನು ಎಬ್ಬಿಸಿ ಕೊಲ್ಲುವ ಯತ್ನವೂ ನಡೆಯಿತು. ವೊರಿನೋಸ್ಟಾಟ್ ಎಂಬ ಕ್ಯಾನ್ಸರ್ ಔಷಧ ಆ ಡಿಅಸಿಟೈಲೇಸ್‌ಗಳನ್ನು ತಡೆದು ವೈರಸ್ಸಿನ ಆರ್‌ಎನ್‌ಎಯನ್ನು ಹೆಚ್ಚಿಸಿತೆಂದು 2012ರಲ್ಲಿ ರೋಗಿಗಳಲ್ಲೇ ಕಂಡುಬಂತು, ಆದರೆ ಸೋಂಕಿತ ಕೋಶಗಳ ಸಂಖ್ಯೆ ಕಡಿಮೆಯಾಗಲಿಲ್ಲ. ನಮ್ಮದೇ ಪ್ರೋಟೀನ್‌ಗಳಿಗೆ ಕೈಹಾಕುವುದು ಅಪಾಯವೂ ಹೌದು. ಸಿಡಿಕೆ9 ನಿಲ್ಲಿಸಿದರೆ ನಮ್ಮ ವಂಶವಾಹಿಗಳೂ ನಿಲ್ಲುತ್ತವೆ. ಆದ್ದರಿಂದ ಇಡೀ ಸರಪಳಿಯಲ್ಲಿ ವೈರಸ್ಸಿನ ಸ್ವಂತದ್ದಾದ ಟ್ಯಾಟ್ ಮೇಲೆಯೇ ಗುರಿಯಿಡುವ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ. ಸಮುದ್ರದ ಸ್ಪಂಜಿನಲ್ಲಿ ಸಿಕ್ಕ ಕಾರ್ಟಿಸ್ಟಾಟಿನ್ ಎಂಬ ಸಂಯುಕ್ತದ ಒಂದು ರೂಪಾಂತರ ಟ್ಯಾಟನ್ನು ತಡೆಯುತ್ತದೆ. ಮನುಷ್ಯನ ಪ್ರತಿರಕ್ಷಾ ಕೋಶಗಳನ್ನು ಕಸಿಮಾಡಿದ ಇಲಿಗಳಿಗೆ ಮಾಮೂಲಿ ಔಷಧಗಳ ಜೊತೆ ಅದನ್ನೂ ಕೊಟ್ಟು, ಬಳಿಕ ಚಿಕಿತ್ಸೆ ನಿಲ್ಲಿಸಿದಾಗ ವೈರಸ್ ಮರಳುವುದು ತಡವಾಯಿತು.