ಹವಳದ ತೊಟ್ಟಿಗೆ ಹೊಸ ದೀಪ: ಆರು ವಾರದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಬೆಳೆಸುವವರು ಹಳೆಯ ಟ್ಯೂಬ್‌ಲೈಟು ಇಳಿಸಿ ಪ್ರಖರವಾದ ಎಲ್‌ಇಡಿ ಹಾಕುವಾಗ ಹವಳವನ್ನು ಹೊಸ ಬೆಳಕಿಗೆ ಒಗ್ಗಿಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಅದಕ್ಕೂ ಮೊದಲು ಕಾನೂನಿನ ಮಾತೊಂದು ಹೇಳಲೇಬೇಕು. ನಮ್ಮ ದೇಶದಲ್ಲಿ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ; ಹುಲಿ ಇರುವ ಪಟ್ಟಿಯೇ ಅದು. ನೇತ್ರಾಣಿಯದಾಗಲಿ ಲಕ್ಷದ್ವೀಪದ್ದಾಗಲಿ, ಕಡಲಿನಿಂದ ಕಿತ್ತ ತುಂಡನ್ನು ಮನೆಗೆ ತರುವುದು ಅಪರಾಧ. ಆದ್ದರಿಂದ ಈ ಮಾತು ಸಾಕಣೆಯ ತುಂಡುಗಳನ್ನು ಕಾನೂನುಬದ್ಧವಾಗಿ ಕೊಂಡು ಬೆಳೆಸುವವರಿಗೆ, ಹೊರದೇಶಗಳಲ್ಲಿರುವ ಹವ್ಯಾಸಿಗಳಿಗೆ, ಪ್ರದರ್ಶನದ ತೊಟ್ಟಿ ನೋಡಿಕೊಳ್ಳುವವರಿಗೆ.

ಹೊಸ ದೀಪ ಬಂದ ದಿನವೇ ಅದನ್ನು ಪೂರ್ತಿ ಉರಿಸಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಹವಳ ಕೆಡುವುದು ಅಲ್ಲಿಯೇ. ಕಾರಣ ಹವಳದ ಮೈಯೊಳಗಿದೆ. ಅದರ ಒಳಪದರದ ಕೋಶಗಳಲ್ಲಿ ಝೂಕ್ಸಾಂಥೆಲ್ಲೆ ಎಂಬ ಕಂದು ಬಣ್ಣದ ಏಕಕೋಶ ಪಾಚಿ ವಾಸವಾಗಿರುತ್ತದೆ, ಒಂದು ಚದರ ಸೆಂಟಿಮೀಟರಿಗೆ ಹತ್ತು ಲಕ್ಷದ ಲೆಕ್ಕದಲ್ಲಿ. ಅದು ಬೆಳಕಿನಿಂದ ಸಕ್ಕರೆ ಮಾಡಿ ಹವಳಕ್ಕೂ ಉಣಿಸುತ್ತದೆ. ಮಂದ ಬೆಳಕಿನಲ್ಲಿ ತಿಂಗಳುಗಟ್ಟಲೆ ಇದ್ದ ಪಾಚಿ, ಸಿಕ್ಕಷ್ಟು ಬೆಳಕನ್ನು ಹಿಡಿದುಕೊಳ್ಳಲು ಪತ್ರಹರಿತ್ತನ್ನು ತುಂಬಿಕೊಂಡಿರುತ್ತದೆ. ಅಂಥ ಪಾಚಿಯ ಮೇಲೆ ಒಮ್ಮೆಲೇ ಮೂರು ಪಟ್ಟು ಬೆಳಕು ಸುರಿದರೆ, ಹಿಡಿದ ಶಕ್ತಿಯನ್ನೆಲ್ಲ ಬಳಸಲು ಅದಕ್ಕಾಗುವುದಿಲ್ಲ. ಮಿಕ್ಕ ಶಕ್ತಿಯಿಂದ ಕೋಶವನ್ನೇ ಸುಡುವ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಆಗ ಹವಳ ತನ್ನ ಅನ್ನದಾತನನ್ನೇ ಹೊರಹಾಕುತ್ತದೆ. ಬಿಳಿಚಿಕೊಳ್ಳುವುದು ಎಂದರೆ ಇದೇ. ಪಾಚಿ ತನ್ನ ವರ್ಣದ್ರವ್ಯ ಇಳಿಸಿಕೊಳ್ಳಲು, ಹವಳ ತನ್ನ ರಕ್ಷಣೆಯ ಬಣ್ಣಗಳನ್ನು ಕಟ್ಟಿಕೊಳ್ಳಲು ವಾರಗಳು ಬೇಕು. ದೀಪದ ಬೆಲೆ ಎಷ್ಟೇ ಇರಲಿ, ಆ ವಾರಗಳು ಕಡಿಮೆಯಾಗುವುದಿಲ್ಲ.

ಇನ್ನು ಅಳತೆ. ಕಣ್ಣನ್ನು ನಂಬಬೇಡಿ. ನಮ್ಮ ಕಣ್ಣಿಗೆ ಹಸಿರು-ಹಳದಿ ಬೆಳಕು ಪ್ರಖರವಾಗಿ ಕಾಣುತ್ತದೆ, ನೀಲಿ ಮಂದವೆನಿಸುತ್ತದೆ. ಹವಳದ ಪಾಚಿಗೆ ನೀಲಿಯೇ ಮುಖ್ಯ ಆಹಾರ. ನೀಲಿ ಎಲ್‌ಇಡಿಯ ಕೆಳಗೆ ತೊಟ್ಟಿ ಮಬ್ಬಾಗಿ ಕಂಡರೂ ಹವಳ ಬೇಯುತ್ತಿರಬಹುದು. ಬೇಕಾದದ್ದು ಪಾರ್ ಎಂಬ ಅಳತೆ: 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಮೈಕ್ರೋಮೋಲ್ ಬೀಳುತ್ತವೆ ಎಂಬ ಲೆಕ್ಕ. ಉಷ್ಣವಲಯದ ನಡುಮಧ್ಯಾಹ್ನದ ನೇರ ಬಿಸಿಲು ಸುಮಾರು 2000. ತೊಟ್ಟಿಯಲ್ಲಿ ಮಶ್ರೂಮ್ ಮತ್ತು ಮೆತ್ತನೆಯ ಹವಳಗಳಿಗೆ 50ರಿಂದ 100, ಯೂಫೀಲಿಯಾದಂಥ ದೊಡ್ಡ ಬಾಯಿಯ ಗಟ್ಟಿ ಹವಳಗಳಿಗೆ 80ರಿಂದ 150, ಮಾಂಟಿಪೋರಾ ಮತ್ತು ಅಕ್ರೋಪೋರಾದಂಥ ಸಣ್ಣ ಬಾಯಿಯವಕ್ಕೆ 200ರಿಂದ 350 ಸಾಕು. ನೀರೊಳಗೆ ಮುಳುಗಿಸುವ ಪಾರ್ ಮೀಟರು ದುಬಾರಿ ಸಾಧನ, ವರ್ಷಕ್ಕೆರಡು ಸಲ ಬೇಕಾಗುವುದಕ್ಕೆ ಕೊಳ್ಳುವ ಅಗತ್ಯವಿಲ್ಲ. ನಾಲ್ಕಾರು ಹವ್ಯಾಸಿಗಳು ಸೇರಿ ಒಂದನ್ನು ಇಟ್ಟುಕೊಳ್ಳಬಹುದು, ಅಥವಾ ಬಾಡಿಗೆಗೆ ತರಬಹುದು. ಹಳೆಯ ಮಾದರಿಗಳು ನೀಲಿ ಬೆಳಕನ್ನು ಕಡಿಮೆ ತೋರಿಸುತ್ತವೆ ಎಂಬುದು ಗಮನದಲ್ಲಿರಲಿ. ಲಕ್ಸ್ ಎಂದರೆ ಮನುಷ್ಯನ ಕಣ್ಣಿಗೆ ಕಾಣುವ ಪ್ರಖರತೆಯ ಅಳತೆ; ಮೊಬೈಲಿನ ಲಕ್ಸ್ ಆ್ಯಪನ್ನು ನೆಚ್ಚಿಕೊಂಡು ಟ್ಯೂಬನ್ನೂ ಎಲ್‌ಇಡಿಯನ್ನೂ ಹೋಲಿಸಿದರೆ ಮೋಸಹೋಗುವುದು ಖಂಡಿತ. ಒಂದೇ ದೀಪ, ಅದೇ ಬಣ್ಣ, ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಿಳಿಯಲು ಮಾತ್ರ ಅದನ್ನು ಬಳಸಬಹುದು.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಳೆಯ ಟಿ5 ಟ್ಯೂಬುಗಳನ್ನು ಇಳಿಸುವ ಮೊದಲೇ, ಅವು ಉರಿಯುತ್ತಿರುವಾಗಲೇ, ಪ್ರತಿ ಹವಳದ ಜಾಗದಲ್ಲಿ ಮೀಟರು ಹಿಡಿದು ಬರೆದಿಟ್ಟುಕೊಳ್ಳಿ. ಇದನ್ನು ಮರೆತರೆ ಮುಂದಿನದೆಲ್ಲ ಊಹೆ. ಮೇಲಿನ ಕಲ್ಲಿನ ಮೇಲಿರುವ ಮಾಂಟಿಪೋರಾಕ್ಕೆ 180, ಮರಳಿನ ಮೇಲಿರುವ ಯೂಫೀಲಿಯಾಕ್ಕೆ 90 ಬಂತು ಎನ್ನಿ. ಹೊಸ ಎಲ್‌ಇಡಿ ಪೂರ್ತಿ ಉರಿದಾಗ ಮೇಲೆ 400, ಕೆಳಗೆ 200 ಕೊಡುತ್ತದೆ. ಇದನ್ನು ತಿಳಿಯಲು ಒಂದೆರಡು ನಿಮಿಷ ಪೂರ್ತಿ ಉರಿಸಿ ಅಳೆದರೆ ಸಾಕು. ಮಾಂಟಿಪೋರಾಕ್ಕೆ ಕೊನೆಗೆ 280 ಬೇಕು. ಹಾಗಾದರೆ ದೀಪವನ್ನು ಶೇಕಡಾ 40ಕ್ಕೆ ಇಡಿ. ಮೇಲೆ 160, ಕೆಳಗೆ 80 ಬೀಳುತ್ತದೆ, ಎರಡೂ ಹಳೆಯದಕ್ಕಿಂತ ಸ್ವಲ್ಪ ಕಡಿಮೆ. ಬಣ್ಣದ ಮಿಶ್ರಣ ಬದಲಾಗಿರುವುದರಿಂದ ಹಾಗೆ ಕೆಳಗಿನಿಂದ ಶುರುಮಾಡುವುದೇ ಕ್ಷೇಮ. ಆಮೇಲೆ ವಾರಕ್ಕೆ ಶೇಕಡಾ 5ರಂತೆ ಏರಿಸಿ. ಆರು ವಾರಕ್ಕೆ ಶೇಕಡಾ 70 ಆಗುತ್ತದೆ: ಮೇಲೆ 280, ಕೆಳಗೆ 140. ಪ್ರತಿ ವಾರ ಮೇಲಿನ ಹವಳಕ್ಕೆ ಕೇವಲ 20 ಪಾರ್ ಹೆಚ್ಚಾಯಿತು. ಅಷ್ಟು ನಿಧಾನ ಬೇಕೇ ಎನ್ನುವವರು ಮೂರು ವಾರದಲ್ಲೂ ಮುಗಿಸುತ್ತಾರೆ, ಗಟ್ಟಿಮುಟ್ಟಾದ ಹವಳ ತಾಳಿಕೊಳ್ಳುತ್ತದೆ. ಅಕ್ರೋಪೋರಾ ಇರುವ ತೊಟ್ಟಿಯಲ್ಲಿ ಆ ಆತುರ ಬೇಡ.

ಎಲ್‌ಇಡಿಗೆ ಇನ್ನೊಂದು ಸ್ವಭಾವವಿದೆ. ಟ್ಯೂಬು ಉದ್ದಕ್ಕೂ ಹರಡಿ ಬೆಳಗುತ್ತದೆ. ಲೆನ್ಸ್ ಇರುವ ಎಲ್‌ಇಡಿ ತನ್ನ ಕೆಳಗಿನ ಒಂದು ವೃತ್ತಕ್ಕೆ ಬೆಳಕನ್ನು ಒಟ್ಟುಮಾಡುತ್ತದೆ. ಹಾಗಾಗಿ ದೀಪದ ನೇರ ಕೆಳಗೆ 400 ಇದ್ದಾಗ ಒಂದು ಗೇಣು ಆಚೆ ಅರ್ಧವೂ ಇರಲಿಕ್ಕಿಲ್ಲ. ಸರಾಸರಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಪ್ರತಿ ಹವಳದ ತಲೆಯ ಮೇಲೆ ಅಳೆಯಿರಿ.

ಮಂದಗೊಳಿಸುವ ಸೌಲಭ್ಯವೇ ಇಲ್ಲದ ದೀಪವಾದರೆ ಎರಡು ದಾರಿ. ಒಂದು, ಕಿಟಕಿಗೆ ಹಾಕುವ ಫೈಬರ್ ಗ್ಲಾಸ್ ಸೊಳ್ಳೆ ಜಾಲರಿಯನ್ನು ಮೂರು ನಾಲ್ಕು ಪದರವಾಗಿ ದೀಪಕ್ಕೂ ನೀರಿಗೂ ನಡುವೆ ಹಾಸಿ, ವಾರಕ್ಕೊಂದು ಪದರ ತೆಗೆಯುವುದು. ಲೋಹದ ಜಾಲರಿ ಬೇಡವೇ ಬೇಡ, ಉಪ್ಪಿನ ತೇವಕ್ಕೆ ತುಕ್ಕು ಹಿಡಿದು ನೀರಿಗೆ ಉದುರುತ್ತದೆ. ದೀಪದ ಫ್ಯಾನಿನ ಕಿಂಡಿಗಳನ್ನೂ ಮುಚ್ಚಬಾರದು. ಇನ್ನೊಂದು, ದೀಪವನ್ನೇ ಎತ್ತರಕ್ಕೆ ಕಟ್ಟಿ ಕ್ರಮೇಣ ಇಳಿಸುವುದು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದಾಗುತ್ತದೆಂಬ ಸೂತ್ರ ಲೆನ್ಸ್ ಇರುವ ದೀಪಕ್ಕೆ ಹಾಗೇ ಒಪ್ಪುವುದಿಲ್ಲ. ಇಲ್ಲೂ ಮೀಟರೇ ಗತಿ. ಹವಳವನ್ನೇ ಮರಳಿಗೆ ಇಳಿಸಿ ವಾರಕ್ಕೆ ಐದರಿಂದ ಹತ್ತು ಸೆಂಟಿಮೀಟರ್ ಮೇಲೇರಿಸುವವರೂ ಇದ್ದಾರೆ. ಹೊಸದಾಗಿ ಕೊಂಡ ಒಂದೆರಡು ತುಂಡಿಗೆ ಅದು ಸರಿ, ಕಲ್ಲಿಗೆ ಅಂಟಿ ಬೆಳೆದ ಹವಳಗಳ ತೊಟ್ಟಿಗೆ ಆಗದ ಮಾತು.

ಬೆಳಕಿನ ಗಂಟೆ ಕಡಿಮೆ ಮಾಡಿದರೆ ಸಾಲದೇ ಎಂದು ಕೇಳುತ್ತಾರೆ. ಹತ್ತು ಗಂಟೆಯನ್ನು ಆರಕ್ಕೆ ಇಳಿಸಿದರೆ ದಿನದ ಒಟ್ಟು ಬೆಳಕೇನೋ ಇಳಿಯುತ್ತದೆ. ಆದರೆ ಕೋಶ ಕೆಡುವುದು ಆ ಕ್ಷಣದ ಪ್ರಖರತೆಯಿಂದ. ಮಂದ ಬೆಳಕಿಗೆ ಒಗ್ಗಿದ ಹವಳದ ಮೇಲೆ 400 ಪಾರ್ ಕೆಲವೇ ಗಂಟೆ ಬಿದ್ದರೂ ಹಾನಿ ಆಗಬಹುದು. ಗಂಟೆಗಳನ್ನು ಎಂಟು ಒಂಬತ್ತರಲ್ಲಿ ನಿಲ್ಲಿಸಿ, ಪ್ರಖರತೆಯನ್ನು ಮಾತ್ರ ಬದಲಿಸಿ. ಅದೇ ವಾರ ನೀಲಿ-ಬಿಳಿ ಪ್ರಮಾಣವನ್ನೂ ಬದಲಿಸಲು ಹೋಗಬೇಡಿ. ತೊಂದರೆ ಬಂದರೆ ಯಾವುದರಿಂದ ಬಂತೆಂದು ತಿಳಿಯದು.

ದೀಪ ಬದಲಿಸದೆಯೂ ಬೆಳಕು ಹೆಚ್ಚಾಗುವುದುಂಟು. ವರ್ಷ ಹಳೆಯದಾದ ಟ್ಯೂಬುಗಳನ್ನೆಲ್ಲ ಒಂದೇ ದಿನ ಹೊಸದು ಮಾಡಿದರೆ, ಉಪ್ಪು ಕಟ್ಟಿದ ಗಾಜಿನ ಮುಚ್ಚಳ ಒರೆಸಿದರೆ, ಬಹುಕಾಲದ ನಂತರ ಒಮ್ಮೆಲೇ ತುಂಬಾ ಆಕ್ಟಿವೇಟೆಡ್ ಕಾರ್ಬನ್ ಹಾಕಿದರೆ. ಕಾರ್ಬನ್ ನೀರಿನ ಹಳದಿ ಛಾಯೆಯನ್ನು ಹೀರಿ ತೆಗೆಯುತ್ತದೆ. ಹಳದಿ ಛಾಯೆ ತಡೆಯುತ್ತಿದ್ದದ್ದು ನೀಲಿ ಬೆಳಕನ್ನೇ. ಟ್ಯೂಬುಗಳನ್ನು ವಾರಕ್ಕೊಂದರಂತೆ ಬದಲಿಸಿ, ಕಾರ್ಬನ್ನನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕರೆಂಟು ಹೋಗಿ ಬಂದಾಗ ಸೆಟ್ಟಿಂಗು ಮರೆತು ಪೂರ್ತಿ ಉರಿಯತೊಡಗುವ ಅಗ್ಗದ ದೀಪಗಳೂ ಇವೆ. ಕೊಂಡ ದಿನವೇ ಪ್ಲಗ್ ಕಿತ್ತು ಮತ್ತೆ ಹಾಕಿ ಪರೀಕ್ಷಿಸಿ.

ಈ ಆರು ವಾರ ನೀರಿನ ಕಡೆಗೂ ಕಣ್ಣಿರಲಿ. ಬೆಳಕು ಹೆಚ್ಚಾದಂತೆ ಹವಳ ಬೇಗ ಅಸ್ಥಿ ಕಟ್ಟುತ್ತದೆ, ಅಸ್ಥಿಗೆ ಬೇಕಾದ ಕಾರ್ಬೊನೇಟ್ ನೀರಿನಲ್ಲಿ ಎಷ್ಟಿದೆ ಎಂದು ತೋರಿಸುವ ಆಲ್ಕಲಿನಿಟಿ ಬೇಗ ಇಳಿಯುತ್ತದೆ. ವಾರಕ್ಕೆ ಎರಡು ಸಲ ಪರೀಕ್ಷಿಸಿ, ಅದರ ಮಾನವಾದ ಡಿಕೆಎಚ್‌ನಲ್ಲಿ 8ರಿಂದ 9ರ ನಡುವೆ ನಿಲ್ಲಿಸಿ. ಉಷ್ಣತೆ 25–26 ಡಿಗ್ರಿ ದಾಟದಿರಲಿ; ಬಿಸಿನೀರು ಮತ್ತು ಹೆಚ್ಚು ಬೆಳಕು ಜೊತೆಯಾದರೆ ಒಂದರ ಹಾನಿಯನ್ನು ಇನ್ನೊಂದು ಹೆಚ್ಚಿಸುತ್ತದೆ. ನೀರು ಅತಿ ಶುದ್ಧವಾಗಿರುವುದೂ ಅಪಾಯವೇ. ಫಾಸ್ಫೇಟ್ ಕೊರತೆಯಾದ ಹವಳ ಬೆಳಕು ಮತ್ತು ಬಿಸಿಗೆ ಬೇಗ ಬಿಳಿಚುತ್ತದೆ ಎಂದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡೆನ್‌ಮನ್ ಅವರ ತಂಡ ತೋರಿಸಿಕೊಟ್ಟಿದೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ, ಸೊನ್ನೆಯ ಹಟ ಬೇಡ.

ಹವಳ ಏನು ಹೇಳುತ್ತಿದೆ ಎಂದು ಓದುವುದರಲ್ಲಿಯೇ ಹೆಚ್ಚಿನವರು ಎಡವುವುದು. ಬಣ್ಣ ತಿಳಿಯಾದರೆ ಬೆಳಕು ಸಾಲದು ಎಂದುಕೊಂಡು ಇನ್ನಷ್ಟು ಏರಿಸುತ್ತಾರೆ. ಆಗಬೇಕಾದದ್ದು ತದ್ವಿರುದ್ಧ. ಬೆಳಕು ಸಾಲದ ಹವಳ ಕಂದಾಗುತ್ತದೆ, ಗುಂಡಿಯಾಕಾರದ ಮೆತ್ತನೆಯ ಜೋಆಂಥಿಡ್‌ಗಳ ಕಾಂಡ ಉದ್ದವಾಗುತ್ತದೆ. ಬೆಳಕು ಹೆಚ್ಚಾದ ಹವಳ ದೀಪದ ಕಡೆಯ ಮೇಲ್ಮೈಯಲ್ಲಿ ಮೊದಲು ಬಿಳಿಚುತ್ತದೆ, ನೆರಳಿನ ಅಡಿಭಾಗದಲ್ಲಿ ಬಣ್ಣ ಹಾಗೆಯೇ ಉಳಿದಿರುತ್ತದೆ. ಮಶ್ರೂಮ್ ಸುರುಟಿಕೊಳ್ಳುತ್ತದೆ, ಯೂಫೀಲಿಯಾ ದಿನವಿಡೀ ಮುದುಡಿಯೇ ಇರುತ್ತದೆ. ಬುಡದಿಂದ ಮಾಂಸ ಕಳಚುತ್ತಾ ಮೇಲೇರಿದರೆ ಅದು ಸಾಮಾನ್ಯವಾಗಿ ಬೆಳಕಿನ ದೋಷವಲ್ಲ. ಆಲ್ಕಲಿನಿಟಿ ಏರಿಳಿತವನ್ನು ಮೊದಲು ಶಂಕಿಸಿ.

ಮೇಲ್ಮೈ ಬಿಳಿಚಿದ್ದು ಕಂಡರೆ ಅಂದೇ ದೀಪವನ್ನು ಎರಡು ಮೂರು ವಾರದ ಹಿಂದಿನ ಮಟ್ಟಕ್ಕೆ ಇಳಿಸಿ, ಎರಡು ವಾರ ಅಲ್ಲೇ ನಿಲ್ಲಿ. ಪೂರ್ತಿ ಬಿಳಿಯಾಗಿದ್ದರೂ ಸತ್ತಿತೆಂದು ಎಸೆಯಬೇಡಿ. ಭೂತಗನ್ನಡಿ ಹಿಡಿದು ನೋಡಿ: ಗಾಜಿನಂಥ ಪಾರದರ್ಶಕ ಪದರ, ರಾತ್ರಿ ಹೊರಚಾಚುವ ಪುಟ್ಟ ಬಾಹುಗಳು ಕಂಡರೆ ಅದು ಬದುಕಿದೆ. ಸತ್ತ ಅಸ್ಥಿಯ ಮೇಲಾದರೆ ಕೆಲವೇ ದಿನಗಳಲ್ಲಿ ಹಸಿರು ಪಾಚಿ ಹತ್ತುತ್ತದೆ. ಬದುಕಿರುವುದನ್ನು ಅಲ್ಲಿಂದಿಲ್ಲಿಗೆ ಎತ್ತಿ ಇಡುತ್ತಾ ಕಾಡಬೇಡಿ, ಔಷಧಿ ನೀರಿನಲ್ಲಿ ಅದ್ದಬೇಡಿ. ಮೇಲೊಂದು ಜಾಲರಿಯ ನೆರಳು ಮಾಡಿ. ಪಾಚಿ ಉಣಿಸುವುದು ನಿಂತಿರುವುದರಿಂದ ವಾರಕ್ಕೆ ಎರಡು ಮೂರು ಸಲ, ದೀಪ ಆರಿದ ಮೇಲೆ, ಮೊಟ್ಟೆಯೊಡೆದು ಆಗಷ್ಟೇ ಹೊರಬಂದ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿಗಳನ್ನೋ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನೋ ಪಿಪೆಟ್ಟಿನಿಂದ ಬಾಹುಗಳ ಬಳಿ ಬಿಡಿ. ಬಿಡುವಾಗ ಹತ್ತು ನಿಮಿಷ ಪಂಪು ನಿಲ್ಲಿಸಿ. ಬಣ್ಣ ಮರಳಲು ಕೆಲವು ವಾರಗಳಿಂದ ಕೆಲವು ತಿಂಗಳು ಹಿಡಿಯುತ್ತದೆ. ಬಣ್ಣ ಮೊದಲು ಮರಳುವುದು ಕಂದಾಗಿ. ಆ ಕಂದನ್ನು ನೋಡಿ ಬೇಸರಿಸಿ ಮತ್ತೆ ದೀಪ ಏರಿಸಬೇಡಿ; ಪಾಚಿ ಮನೆಗೆ ವಾಪಸು ಬಂದದ್ದಕ್ಕೆ ಅದೇ ಗುರುತು.

ನಮಸ್ಕಾರ.